ಓಡುವವರ ಪಾದ ನೋವು: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಪಾದ ನೋಯಲು ಶುರುವಾದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಹೊಸ ಶೂ ಕೊಳ್ಳುವುದು. ಎರಡನೆಯದು, ನೋವಿನ ಮಾತ್ರೆ ನುಂಗಿ ಭಾನುವಾರದ ಉದ್ದನೆಯ ಓಟ ಮುಗಿಸುವುದು. ಏನು ಕೆಟ್ಟಿದೆ ಅಂತ ಗೊತ್ತಾಗುವ ಮೊದಲೇ ರಿಪೇರಿ ಶುರು. ಹತ್ತು ಸಾವಿರ ರೂಪಾಯಿಯ ಶೂ ಹಾಕಿಕೊಂಡರೂ ಹಿಮ್ಮಡಿ ಹಾಗೇ ಚುಚ್ಚುತ್ತಿರುತ್ತದೆ. ಮಾತ್ರೆಯ ದೆಸೆಯಿಂದ ನೋವು ಎಲ್ಲಿತ್ತು ಅನ್ನುವ ಸುಳಿವೂ ಹೋಗಿರುತ್ತದೆ.

ಒಂದು ಪಾದದಲ್ಲಿ 26 ಮೂಳೆಗಳಿವೆ, 30ಕ್ಕೂ ಹೆಚ್ಚು ಕೀಲುಗಳಿವೆ. ಸುಮ್ನೆ ‘ಪಾದ ನೋವು’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಆದರೆ ವಾರಕ್ಕೆ ಮೂರ್ನಾಲ್ಕು ದಿನ ಕಬ್ಬನ್ ಪಾರ್ಕಿನಲ್ಲೋ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ, ಬಡಾವಣೆಯ ರಸ್ತೆಯಲ್ಲೋ ಓಡುವವರಿಗೆ ಬರುವ ನೋವುಗಳು ಬೆರಳೆಣಿಕೆಯಷ್ಟು. ಎಲ್ಲಿ ನೋಯುತ್ತದೆ, ಯಾವ ಹೊತ್ತಿನಲ್ಲಿ ನೋಯುತ್ತದೆ, ಕಳೆದ ಒಂದು ತಿಂಗಳಲ್ಲಿ ಏನು ಬದಲಾಗಿದೆ – ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು. ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಇದನ್ನೇ.

ಇವು ಕಂಡರೆ ಮುಂದೆ ಓದಬೇಡಿ, ಡಾಕ್ಟರ ಹತ್ತಿರ ಹೋಗಿ

- ನೋಯುವ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ನಡೆಯಲು ಆಗುತ್ತಿಲ್ಲ.
- ಮಲಗಿದಾಗಲೂ ನೋಯುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ.
- ಪಾದ ಊದಿದೆ, ಕೆಂಪಗಾಗಿದೆ, ಮುಟ್ಟಿದರೆ ಬಿಸಿ. ಜೊತೆಗೆ ಜ್ವರ ಬೇರೆ.
- ಓಡುವಾಗ ಹಿಮ್ಮಡಿಯ ಹಿಂದೆ ಯಾರೋ ಒದ್ದ ಹಾಗೆ ‘ಟಪ್’ ಅಂದಿತು, ಆಮೇಲೆ ಆ ಕಾಲಲ್ಲಿ ತುದಿಗಾಲ ಮೇಲೆ ನಿಲ್ಲಲು ಆಗುತ್ತಿಲ್ಲ. ಇದು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಹುರಿ) ಹರಿದಿರುವ ಲಕ್ಷಣ. ಇವತ್ತೇ ಹೋಗಬೇಕು, ಸೋಮವಾರ ನೋಡೋಣ ಅನ್ನುವಂತಿಲ್ಲ.
- ಪಾದ ಮರಗಟ್ಟಿದೆ, ಮುಟ್ಟಿದ್ದು ಗೊತ್ತಾಗುತ್ತಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ನಿಮಗೆ ಸಣ್ಣ ಗುಳ್ಳೆಯೂ ಸಣ್ಣದಲ್ಲ. ಓಡಿ ಬಂದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ನೋವೇ ಆಗದೆ ಗಾಯ ದೊಡ್ಡದಾಗುವುದು ನಿಮ್ಮಲ್ಲೇ.

ಒಂದು ಬೆರಳು, ಒಂದು ಗಡಿಯಾರ

ಕುರ್ಚಿಯ ಮೇಲೆ ಕೂತು ಪಾದವನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಒಂದೇ ಬೆರಳಿನಿಂದ ನೋಯುವ ಜಾಗ ತೋರಿಸಿ. ಇಡೀ ಅಂಗೈಯಿಂದ ಪಾದ ಸವರಿ ‘ಇಲ್ಲೆಲ್ಲಾ’ ಅನ್ನುವಂತಿಲ್ಲ. ಒಂದು ಬೊಟ್ಟಿನಷ್ಟು ಜಾಗ ಸಿಗುತ್ತದಾ, ಉದ್ದಕ್ಕೆ ಗೆರೆ ಎಳೆದ ಹಾಗಿದೆಯಾ, ಎಲ್ಲಿ ಅಂತಲೇ ಹಿಡಿಯಲು ಆಗುತ್ತಿಲ್ಲವಾ – ಇದು ಬಹಳ ಮುಖ್ಯ. ಆಮೇಲೆ ನೋವಿಲ್ಲದ ಪಾದದ ಅದೇ ಜಾಗವನ್ನು ಅಷ್ಟೇ ಜೋರಾಗಿ ಒತ್ತಿ. ಜೋರಾಗಿ ಒತ್ತಿದರೆ ನೋಯುವ ಜಾಗಗಳು ಎಲ್ಲರ ಪಾದದಲ್ಲೂ ಇರುತ್ತವೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಅದು ಲೆಕ್ಕಕ್ಕೆ.

ಇನ್ನು ಗಡಿಯಾರ. ನೋವು ಎಷ್ಟಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದು ಜಾಸ್ತಿ ಹೇಳುತ್ತದೆ.

ಬೆಳಿಗ್ಗೆ ಎದ್ದಾಗ, ಓಟದ ಮೊದಲ ಕಿಲೋಮೀಟರಿನಲ್ಲಿ ನೋವಿದ್ದು, ಮೈ ಬಿಸಿಯಾದಂತೆ ಕಡಿಮೆಯಾಗಿ, ಮರುದಿನ ಬೆಳಿಗ್ಗೆ ಮತ್ತೆ ಹಿಡಿದುಕೊಂಡರೆ ಅದು ಹೆಚ್ಚಾಗಿ ಸ್ನಾಯುರಜ್ಜು ಅಥವಾ ಅಂಗಾಲಿನ ಪಟ್ಟಿಯ ತಂಟೆ. ಶುರುವಿನಲ್ಲಿ ಏನೂ ಇಲ್ಲದೆ, ಓಡುತ್ತಾ ಓಡುತ್ತಾ ಜಾಸ್ತಿಯಾಗಿ, ನಿಂತರೆ ಕಡಿಮೆಯಾಗಿ, ಕಳೆದ ವಾರ 5ನೇ ಕಿಲೋಮೀಟರಿನಲ್ಲಿ ಬಂದದ್ದು ಈ ವಾರ 3ನೆಯದರಲ್ಲೇ ಬಂದರೆ ಮೂಳೆಯನ್ನು ಅನುಮಾನಿಸಿ. ಉರಿ, ಚುರುಚುರು, ಜೋಮು ಇದ್ದು ಶೂ ಬಿಚ್ಚಿದ ಕೂಡಲೇ ಹಾಯ್ ಅನ್ನಿಸಿದರೆ ನರ.

ಹಿಮ್ಮಡಿಯ ಅಡಿ

ಓಡುವವರ ಪಾದ ನೋವಿನಲ್ಲಿ ತುಂಬಾ ಸಾಮಾನ್ಯವಾದದ್ದು ಇದು. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಗಾಜು ತುಳಿದಂತೆ ಚುಚ್ಚುತ್ತದೆ. ಬಚ್ಚಲು ಮನೆಗೆ ಹೋಗಿ ಬರುವಷ್ಟರಲ್ಲಿ ಕಡಿಮೆ. ಆಫೀಸಿನಲ್ಲಿ ಎರಡು ತಾಸು ಕೂತು ಎದ್ದರೆ ಮತ್ತೆ ಹಾಜರು.

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಇದೆ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಅದರ ಹೆಸರು ಪ್ಲಾಂಟಾರ್ ಫೇಶಿಯಾ. ಒಂದು ಕೈಯಿಂದ ಕಾಲಿನ ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ. ಇನ್ನೊಂದು ಕೈಯಿಂದ ಅಂಗಾಲಿನ ಮಧ್ಯ ಸವರಿ. ಈ ಪಟ್ಟಿ ಬಿಗಿದುಕೊಂಡದ್ದು ಕೈಗೆ ಸಿಗುತ್ತದೆ. ಅದನ್ನೇ ಹಿಡಿದು ಹಿಮ್ಮಡಿಯ ಕಡೆಗೆ ಒತ್ತುತ್ತಾ ಹೋಗಿ. ಮೂಳೆ ಶುರುವಾಗುವಲ್ಲಿ, ಮಧ್ಯಕ್ಕಿಂತ ಸ್ವಲ್ಪ ಒಳಬದಿಗೆ, ಒತ್ತಿದರೆ ಜೀವ ಹೋದ ಹಾಗಾಗುತ್ತದಾ? ಹಾಗಾದರೆ ಪ್ಲಾಂಟಾರ್ ಫೇಶಿಯೈಟಿಸ್ ಅಂತ ಹೆಚ್ಚು ಕಡಿಮೆ ಖಚಿತ.

ಅದೇ ಅಂತ ತೀರ್ಮಾನಿಸುವ ಮೊದಲು ಮೂರು ಪರೀಕ್ಷೆ ಮಾಡಿ. ಎರಡೂ ಅಂಗೈಗಳಿಂದ ಹಿಮ್ಮಡಿಯನ್ನು ಎಡ ಬಲದಿಂದ ಹಿಂಡಿ. ಹಾಗೆ ಹಿಂಡಿದಾಗ ಜೋರು ನೋವಾದರೆ ಹಿಮ್ಮಡಿ ಮೂಳೆಯಲ್ಲೇ ಬಿರುಕಿರಬಹುದು. ಓಟ ನಿಲ್ಲಿಸಿ, ತೋರಿಸಿ. ಎರಡನೆಯದು, ನೋವು ಹಿಮ್ಮಡಿಯ ನಟ್ಟನಡುವೆ ಇದ್ದು, ಬೆಳಗಿನ ಮೊದಲ ಹೆಜ್ಜೆಯಲ್ಲಿ ವಿಶೇಷವೇನೂ ಇಲ್ಲದೆ, ಬರಿಗಾಲಲ್ಲಿ ಟೈಲ್ಸ್ ಮೇಲೆ ನಡೆದಷ್ಟೂ ಜಾಸ್ತಿಯಾದರೆ ಅಲ್ಲಿರುವ ಕೊಬ್ಬಿನ ಮೆತ್ತೆ ನಲುಗಿದೆ. ಅದಕ್ಕೆ ಬೇಕಾದದ್ದು ಮೆತ್ತಗಿನ ಅಡಿ, ವ್ಯಾಯಾಮದಿಂದ ಅಂಥ ಲಾಭವಿಲ್ಲ. ಮೂರನೆಯದು, ವಯಸ್ಸು ನಲವತ್ತರೊಳಗೆ, ಎರಡೂ ಹಿಮ್ಮಡಿ ನೋಯುತ್ತವೆ, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೊಂಟವೂ ಹಿಡಿದುಕೊಂಡಿರುತ್ತದೆ ಅಂತಾದರೆ ಓಟವನ್ನು ದೂರಬೇಡಿ. ಅದು ಸಂಧಿವಾತದ ಒಂದು ಬಗೆ ಆಗಿರಬಹುದು, ರಕ್ತ ಪರೀಕ್ಷೆ ಬೇಕಾಗುತ್ತದೆ.

ಎಕ್ಸ್-ರೇ ತೆಗೆಸಿದವರಿಗೆ ‘ಹಿಮ್ಮಡಿಯಲ್ಲಿ ಮೂಳೆ ಮುಳ್ಳು ಬೆಳೆದಿದೆ’ ಅಂತ ಹೇಳಿ ಹೆದರಿಸುವುದುಂಟು. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್-ರೇಯಲ್ಲೂ ಆ ಮುಳ್ಳು ಕಾಣುತ್ತದೆ. ನೋವು ಹೋದ ಮೇಲೂ ಅದು ಅಲ್ಲೇ ಇರುತ್ತದೆ. ಅದನ್ನು ಕಟ್ಟಿಕೊಂಡು ಕೊರಗಬೇಡಿ.

ರಿಪೇರಿಗೆ ನನ್ನ ಮೊದಲ ಆಯ್ಕೆ ಒಂದೇ ವ್ಯಾಯಾಮ. ಟವೆಲ್ ಸುರುಳಿ ಸುತ್ತಿ ಮೆಟ್ಟಿಲ ಅಂಚಿನಲ್ಲಿಡಿ. ನೋಯುವ ಕಾಲಿನ ಬೆರಳುಗಳು ಟವೆಲ್ ಮೇಲೆ, ಮೇಲಕ್ಕೆ ಬಾಗಿರಲಿ. ಹಿಮ್ಮಡಿ ಗಾಳಿಯಲ್ಲಿರಲಿ. ಗೋಡೆ ಹಿಡಿದು ಒಂಟಿ ಕಾಲಲ್ಲಿ, ಮೂರು ಎಣಿಸುವಷ್ಟರಲ್ಲಿ ಮೇಲೆ, ಎರಡು ಎಣಿಸುವ ತನಕ ಅಲ್ಲೇ, ಮತ್ತೆ ಮೂರು ಎಣಿಸುತ್ತಾ ಕೆಳಗೆ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭ ಅನ್ನಿಸಿದಾಗ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿಕೊಳ್ಳಿ. 2014ರಲ್ಲಿ ಡೆನ್ಮಾರ್ಕಿನವರು ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಪಾದ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಇದನ್ನು ಮಾಡಿದವರು ಮೂರು ತಿಂಗಳಲ್ಲಿ ಹೆಚ್ಚು ಸುಧಾರಿಸಿದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಸಮ. ಅಂದರೆ ಇದು ಬೇಗ ದಡ ಸೇರಿಸುತ್ತದೆ, ಅಷ್ಟೇ. ಬೇಗ ಅಂದರೂ ತಿಂಗಳುಗಳ ಮಾತು. ಎರಡು ವಾರ ಮಾಡಿ ಏನೂ ಆಗಲಿಲ್ಲ ಅಂತ ಬಿಡುವವರೇ ಜಾಸ್ತಿ.

ಇದರ ಜೊತೆ ಮನೆಯೊಳಗೆ ಚಪ್ಪಲಿ ಹಾಕಿ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ದಿನವಿಡೀ ಬರಿಗಾಲಲ್ಲಿ ಓಡಾಡುವುದೇ ನಮ್ಮ ಮನೆಗಳಲ್ಲಿ ಗುಣವಾಗದಿರಲು ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಅಮ್ಮ ಒಪ್ಪುವುದಿಲ್ಲ, ಗೊತ್ತು. ಹೊರಗೆ ಮೆಟ್ಟದ ಒಂದು ಜೊತೆ ಬೇರೆ ಇಟ್ಟುಕೊಂಡು, ದೇವರ ಮನೆ ಮುಂದೆ ಬಿಚ್ಚಿದರಾಯಿತು. ನೀರಿನ ಬಾಟಲಿ ಫ್ರೀಜರಿನಲ್ಲಿಟ್ಟು ಅದರ ಮೇಲೆ ಅಂಗಾಲು ಉರುಳಿಸಿದರೆ ಆ ಹೊತ್ತಿಗೆ ಹಿತ, ಗುಣವಾಗುವುದು ಅದರಿಂದಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ. ಆದರೆ ಆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬು ಕರಗುವ ಅಪಾಯವಿದೆ. ಓಟದ ದಿನ ಹತ್ತಿರ ಬಂತು ಅಂತ ಅದನ್ನು ಹಾಕಿಸಿಕೊಂಡು ಓಡುವುದು ಕೆಟ್ಟ ಯೋಚನೆ.

ಹಿಮ್ಮಡಿಯ ಹಿಂದೆ

ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ರಜ್ಜು, ಅಕಿಲಿಸ್. ಎರಡು ಬೆರಳಲ್ಲಿ ಚಿವುಟಿ ಹಿಡಿದು ಮೇಲಿಂದ ಕೆಳಗೆ ಬನ್ನಿ. ನೋವು ಮೂಳೆಗಿಂತ ಮೂರ್ನಾಲ್ಕು ಬೆರಳು ಮೇಲಿದೆಯಾ, ಮೂಳೆಗೆ ಅಂಟುವಲ್ಲೇ ಇದೆಯಾ ನೋಡಿ. ಚಿಕಿತ್ಸೆ ಬೇರೆಯಾಗುವುದರಿಂದ ಇದನ್ನು ಸರಿಯಾಗಿ ಗುರುತಿಸಬೇಕು.

ಮೇಲಿದ್ದರೆ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ವ್ಯಾಯಾಮ. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್ಸನ್ ತಂಡ ಹದಿನೈದು ಮಂದಿ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಮಾಡಿ ತೋರಿಸಿದ್ದು ಇದನ್ನೇ: ಮಂಡಿ ನೇರವಿಟ್ಟು 15ರಂತೆ ಮೂರು ಸುತ್ತು, ಮಂಡಿ ಮಡಿಸಿ ಮೂರು ಸುತ್ತು, ದಿನಕ್ಕೆ ಎರಡು ಸಲ, 12 ವಾರ. ಅಷ್ಟೊಂದು ಆಗದಿದ್ದರೆ ಕಡಿಮೆ ಮಾಡಿ, ಆದರೆ ಬಿಡಬೇಡಿ. ನೋವು ಮೂಳೆಗೆ ಅಂಟುವಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು. ಹಾಗೆ ಇಳಿಸಿದಾಗ ರಜ್ಜು ಮೂಳೆಗೆ ಒತ್ತಿ ಇನ್ನೂ ಕೆರಳುತ್ತದೆ. ಸಮನೆಲದಲ್ಲೇ ಮಾಡಿ, ಶೂ ಒಳಗೆ ಹಿಮ್ಮಡಿಯ ಕೆಳಗೆ ಚಿಕ್ಕ ಪ್ಯಾಡ್ ಇಡಿ.

ಇತ್ತೀಚೆಗೆ ಸಿಪ್ರೊಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ತರಹದ ಆ್ಯಂಟಿಬಯೋಟಿಕ್ ತಿಂದಿದ್ದರೆ ಡಾಕ್ಟರಿಗೆ ಹೇಳಿ. ಹೊಟ್ಟೆ ಕೆಟ್ಟಾಗ, ಮೂತ್ರದ ಉರಿಗೆ ನಮ್ಮಲ್ಲಿ ಧಾರಾಳವಾಗಿ ಕೊಡುವ ಈ ಔಷಧಿಗಳಿಂದ ಅಕಿಲಿಸ್ ನೋಯುವುದು, ಅಪರೂಪಕ್ಕೆ ಹರಿಯುವುದು ಉಂಟು.

ಪಾದದ ಮೇಲ್ಭಾಗ, ಮುಂಭಾಗ

ಇಲ್ಲಿ ಅವಸರ ಬೇಡ. ಸುಮ್ನೆ ಲೇಸು ಬಿಗಿಯಾದದ್ದೂ ಇರಬಹುದು, ಮೂಳೆ ಬಿರುಕು ಬಿಟ್ಟದ್ದೂ ಇರಬಹುದು.

ಲೇಸಿನದ್ದಾದರೆ ಪತ್ತೆ ಸುಲಭ. ನೋವು ಲೇಸಿನ ಗಂಟಿನ ಕೆಳಗೆ ಉದ್ದಕ್ಕೆ ಹರಡಿರುತ್ತದೆ. ಬೆರಳುಗಳನ್ನು ಮೇಲೆತ್ತಿದರೆ ನೋಯುತ್ತದೆ. ನೋಯುವ ಜಾಗದ ಮೇಲೆ ಬರುವ ಒಂದು ಜೊತೆ ತೂತು ಬಿಟ್ಟು, ಅಲ್ಲಿ ಲೇಸನ್ನು ಅಡ್ಡ ಹಾಯಿಸದೆ ಪಕ್ಕದಲ್ಲೇ ಮೇಲಕ್ಕೆ ಏರಿಸಿ ಕಟ್ಟಿ. ಒಂದೆರಡು ಓಟದಲ್ಲಿ ವ್ಯತ್ಯಾಸ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಂದಿನದನ್ನು ಮಾಡಿ.

ಎರಡನೇ ಬೆರಳಿನ ಬುಡದಿಂದ ಹಿಂದಕ್ಕೆ, ಪಾದದ ಮೇಲೆ ಕೈಯಾಡಿಸಿದರೆ ಒಂದು ಉದ್ದ ಮೂಳೆ ಸಿಗುತ್ತದೆ. ಅದರ ಪಕ್ಕದಲ್ಲಿ ಮೂರನೆಯದು. ಪೆನ್ಸಿಲಿನ ಹಿಂತುದಿಯಿಂದ ಒಂದೊಂದು ಮೂಳೆಯ ಮೇಲೂ ಅರ್ಧ ಅಂಗುಲಕ್ಕೊಮ್ಮೆ ಒತ್ತುತ್ತಾ ಹೋಗಿ. ಎಲ್ಲಾ ಕಡೆ ಸುಮಾರು ಒಂದೇ ತರಹ ಇದ್ದು, ಒಂದು ಜಾಗಕ್ಕೆ ಬಂದಾಗ ಮಾತ್ರ ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟು ನೋವಾದರೆ, ಅಲ್ಲೇ ಮೇಲೆ ಸ್ವಲ್ಪ ಊತವೂ ಇದ್ದರೆ, ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಭಾರ ಬಿದ್ದು ಮೂಳೆಯಲ್ಲಾಗುವ ಸಣ್ಣ ಬಿರುಕು) ಅಂತ ಇಟ್ಟುಕೊಂಡೇ ಮುಂದುವರಿಯಿರಿ. ಒಂಟಿ ಕಾಲಲ್ಲಿ ಕುಪ್ಪಳಿಸಿ ನೋಡು ಅನ್ನುವವರಿದ್ದಾರೆ. ಒತ್ತಿದರೇ ನೋಯುವಾಗ ಕುಪ್ಪಳಿಸಿ ಅದನ್ನು ಪೂರ್ತಿ ಮುರಿದುಕೊಳ್ಳುವುದು ಯಾಕೆ?

ಈ ಬಿರುಕು ಹಳೆಯ ಕಾಯಿಲೆ. 1855ರಲ್ಲೇ ಪ್ರಶ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಉದ್ದುದ್ದ ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟಿದ್ದರು. ಕಾರಣ ಮೂಳೆಯಲ್ಲಿದೆ ಅಂತ ಕಂಡದ್ದು 1895ರಲ್ಲಿ ಎಕ್ಸ್-ರೇ ಬಂದ ಮೇಲೆ. ವಿಚಿತ್ರ ಅಂದರೆ ಇವತ್ತಿಗೂ ಜನರನ್ನು ದಾರಿ ತಪ್ಪಿಸುವುದು ಅದೇ ಎಕ್ಸ್-ರೇ. ಮೊದಲ ಎರಡು ಮೂರು ವಾರ ಅದರಲ್ಲಿ ಏನೂ ಕಾಣದಿರಬಹುದು. ನಮ್ಮ ಓಟದ ಗುಂಪಿನ ಒಬ್ಬರಿಗೆ ಹೀಗೇ ಆಯಿತು. ಎಕ್ಸ್-ರೇ ಚೆನ್ನಾಗಿದೆ, ಉಳುಕಿರಬೇಕು ಅಂತ ಹೇಳಿ ಕಳಿಸಿದರು. ಅವರು ಪಟ್ಟಿ ಸುತ್ತಿಕೊಂಡು ಓಡಿದರು. ತಿಂಗಳು ಕಳೆದು ಮತ್ತೆ ತೆಗೆಸಿದಾಗ ಮೂರನೇ ಮೂಳೆಯ ಸುತ್ತ ಹೊಸ ಮೂಳೆ ಗಂಟು ಕಟ್ಟಿದ್ದು ಬೆಳ್ಳಗೆ ಕಾಣುತ್ತಿತ್ತು. ಒಂದೇ ಜಾಗದಲ್ಲಿ ನೋವಿದ್ದು ಎಕ್ಸ್-ರೇ ಸರಿಯಿದೆ ಅಂದರೆ ಎರಡು ದಾರಿ: ಎಂಆರ್‌ಐ ಮಾಡಿಸುವುದು, ಇಲ್ಲವೇ ಬಿರುಕಿದೆ ಅಂದುಕೊಂಡೇ ಓಟ ನಿಲ್ಲಿಸಿ ಎರಡು ಮೂರು ವಾರದ ನಂತರ ಮತ್ತೆ ಎಕ್ಸ್-ರೇ ತೆಗೆಸುವುದು.

ಎರಡನೇ, ಮೂರನೇ, ನಾಲ್ಕನೇ ಮೂಳೆಯ ನಡುಭಾಗವಾದರೆ ಆರೆಂಟು ವಾರ ಓಟ ಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಕೂಡುತ್ತದೆ. ಎರಡು ಜಾಗಗಳು ಮಾತ್ರ ಹಾಗಲ್ಲ. ಒಂದು, ಪಾದದ ಮೇಲೆ, ಕಾಲಿನ ಗಿಣ್ಣಿಗೆ ಸ್ವಲ್ಪ ಮುಂದೆ ಇರುವ ನೇವಿಕ್ಯುಲರ್ ಮೂಳೆ. ಅಲ್ಲಿ ರಕ್ತ ಓಡಾಟ ಕಡಿಮೆ, ಬಿರುಕು ಕೂಡುವುದು ನಿಧಾನ. ಆರು ವಾರ ಕಾಲೂರಲೇಬಾರದು ಅಂತ ಹೇಳುವುದು ಸಾಮಾನ್ಯ. ಇನ್ನೊಂದು, ಕಿರುಬೆರಳಿನ ಉದ್ದ ಮೂಳೆಯ ಹಿಂಭಾಗ. ಬ್ರಿಟನ್ನಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ನೃತ್ಯ ಮಾಡುವಾಗ ಈ ಮೂಳೆಯನ್ನೇ ಮುರಿದುಕೊಂಡು, 1902ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಅಲ್ಲಿನ ಒಂದು ಬಗೆಯ ಮುರಿತಕ್ಕೆ ಈಗಲೂ ಅವರದೇ ಹೆಸರು. ಈ ಎರಡು ಜಾಗದಲ್ಲಿ ನೋವಿದ್ದರೆ ಮನೆಮದ್ದು ಬೇಡ, ಕಾಯುವುದೂ ಬೇಡ.

ಮೂಳೆ ಬಿರುಕು ಎರಡನೇ ಸಲ ಬಂದವರು ವಿಟಮಿನ್ ಡಿ ನೋಡಿಸಿ. ಹೆಣ್ಣುಮಕ್ಕಳಲ್ಲಿ ಓಟ ಜಾಸ್ತಿಯಾಗಿ ಊಟ ಕಡಿಮೆಯಾದಾಗ ಮುಟ್ಟು ತಪ್ಪುವುದುಂಟು. ಅದು ಮೂಳೆ ಸೊರಗುತ್ತಿರುವ ಸೂಚನೆ. ಪಾದದ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಬೆರಳುಗಳ ಬುಡದ ಅಡಿ

ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಉರಿ, ಕಾಲುಚೀಲದೊಳಗೆ ಕಲ್ಲು ಸಿಕ್ಕಿಕೊಂಡಿದೆ ಅನ್ನುವ ಭಾವನೆ, ಬಿಚ್ಚಿ ನೋಡಿದರೆ ಏನೂ ಇಲ್ಲ. ಇದು ಮಾರ್ಟನ್ಸ್ ನ್ಯೂರೋಮಾ, ನರ ಒತ್ತಿಹೋಗಿ ದಪ್ಪಗಾದದ್ದು. ಇಲ್ಲಿ ಮಾತ್ರ ಶೂ ನಿಜವಾದ ಅಪರಾಧಿ. ಶೂ ಒಳಗಿನ ಅಡಿಹಾಳೆಯನ್ನು ಹೊರತೆಗೆದು ನೆಲದ ಮೇಲಿಟ್ಟು, ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಬೆರಳು ಅಂಚಿನಿಂದ ಹೊರಗೆ ಚಾಚಿದರೆ ಆ ಶೂ ನಿಮ್ಮದಲ್ಲ.

ಹೆಬ್ಬೆರಳಿನ ಬುಡದ ಕೆಳಗೆ ಎರಡು ಪುಟ್ಟ ಮೂಳೆಗಳಿವೆ, ಬಟಾಣಿಗಿಂತ ಸ್ವಲ್ಪ ದೊಡ್ಡವು. ಮುಂಗಾಲಲ್ಲಿ ಓಡುವವರಿಗೆ, ಗುಡ್ಡ ಹತ್ತುವ ತಾಲೀಮು ಮಾಡುವವರಿಗೆ ಅಲ್ಲಿ ನೋಯುತ್ತದೆ. ನೋವಿನ ಸುತ್ತ ರಂಧ್ರ ಕತ್ತರಿಸಿದ ಫೆಲ್ಟ್ ಪ್ಯಾಡ್ ಭಾರವನ್ನು ಬೇರೆಡೆಗೆ ಹಂಚುತ್ತದೆ. ಕೆಲವು ವಾರದಲ್ಲಿ ತಗ್ಗದಿದ್ದರೆ ಇಲ್ಲೂ ಬಿರುಕಿದೆಯಾ ಅಂತ ನೋಡಿಸಬೇಕು.

ಹೆಬ್ಬೆರಳಿನ ಗೆಣ್ಣು ರಾತ್ರೋರಾತ್ರಿ ಊದಿ, ಕೆಂಪಾಗಿ, ಹೊದಿಕೆ ತಾಗಿದರೂ ತಡೆಯದಷ್ಟು ನೋವಾದರೆ ಅದು ಗೌಟ್ ಇರಬಹುದು. ಯೂರಿಕ್ ಆ್ಯಸಿಡ್ ವಿಷಯ, ಓಟದ್ದಲ್ಲ.

ಪಾದದ ಒಳಬದಿ, ಉಗುರು, ಗುಳ್ಳೆ

ಕಾಲಿನ ಗಿಣ್ಣಿನ ಒಳಬದಿಯ ಕೆಳಗೆ ನೋವಿದ್ದು, ಆ ಪಾದ ದಿನೇ ದಿನೇ ಚಪ್ಪಟೆಯಾಗುತ್ತಿದೆ ಅನ್ನಿಸಿದರೆ ಒಂಟಿ ಕಾಲಲ್ಲಿ ತುದಿಗಾಲ ಮೇಲೆ ಏಳಿ. ಏಳಲು ಆಗದಿದ್ದರೆ ಕಮಾನನ್ನು ಹಿಡಿದಿಟ್ಟ ರಜ್ಜು ಸೋತಿದೆ. ಬೇಗ ತೋರಿಸಿದಷ್ಟೂ ಒಳ್ಳೆಯದು.

ಕಪ್ಪಾದ ಉಗುರಿಗೆ ಕಾರಣ ಹೆಚ್ಚಾಗಿ ಶೂ ಗಿಡ್ಡವಾದದ್ದು. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಪಾದ ಸಂಜೆ ಹೊತ್ತಿಗೆ ಊದಿರುತ್ತದೆ, ಶೂ ಕೊಳ್ಳಲು ಸಂಜೆಯೇ ಹೋಗಿ. ಗುಳ್ಳೆಗೆ ಒದ್ದೆ ಕಾಲುಚೀಲ ಕಾರಣ. ಹತ್ತಿಯದ್ದು ಬೇಡ, ಸಿಂಥೆಟಿಕ್ ಹಾಕಿ.

ಕಳೆದ ತಿಂಗಳು ಏನು ಬದಲಾಯಿತು?

ಜಾಗ ಸಿಕ್ಕಿತು, ಹೊತ್ತೂ ಸಿಕ್ಕಿತು. ಕಾರಣ ಹುಡುಕದಿದ್ದರೆ ಅದೇ ನೋವು ಮತ್ತೆ ಬರುತ್ತದೆ. ಫೋನಿನಲ್ಲಿ ಓಟದ ಲೆಕ್ಕ ಇರುತ್ತದಲ್ಲ, ತೆಗೆದು ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಕೂತಿರುತ್ತದೆ: 6 ಕಿಲೋಮೀಟರ್ ಓಡುತ್ತಿದ್ದವರು ಗೆಳೆಯರ ಮಾತು ಕೇಳಿ ಒಂದು ಭಾನುವಾರ 12 ಓಡಿರುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್ ಓಟದ ಸ್ಪರ್ಧೆ ವರ್ಲ್ಡ್ 10ಕೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಬರುತ್ತದೆ. ಅದಕ್ಕೆ ಹೆಸರು ಕೊಟ್ಟು, ಮಾರ್ಚಿನವರೆಗೆ ಸುಮ್ಮನಿದ್ದು, ಆಮೇಲೆ ಬಾಕಿ ತೀರಿಸುವವರ ಪಾದಗಳೇ ಏಪ್ರಿಲ್‌ನಲ್ಲಿ ಕೈ ಕೊಡುವುದು.

ಓಟದ ದೂರ ಬದಲಾಗದಿದ್ದರೆ ಉಳಿದದ್ದನ್ನು ನೋಡಿ. ಮಣ್ಣಿನ ದಾರಿ ಬಿಟ್ಟು ಕಾಂಕ್ರೀಟ್ ರಸ್ತೆಗೆ ಬಂದಿರಾ? ನೀರು ಹರಿಯಲೆಂದು ರಸ್ತೆಯ ಅಂಚು ಇಳಿಜಾರಾಗಿರುತ್ತದೆ. ದಿನಾ ಒಂದೇ ಬದಿಯಲ್ಲಿ ಓಡಿದರೆ ಒಂದೇ ಪಾದ ತಗ್ಗಿನಲ್ಲಿ ಬೀಳುತ್ತದೆ. ನಿಂತು ಮಾಡುವ ಕೆಲಸಕ್ಕೆ ಸೇರಿದಿರಾ? ತೂಕ ಏರಿತಾ? ಇದೆಲ್ಲ ಆದ ಮೇಲೆ ಶೂ. ಹಳೆಯದಾದರೆ ಎಷ್ಟು ಓಡಿದೆ ನೋಡಿ, 500ರಿಂದ 800 ಕಿಲೋಮೀಟರಿಗೆ ಅಡಿಯ ಮೆತ್ತೆ ಸೋಲುತ್ತದೆ. ಹೊಸದಾದರೆ ಅದು ಹಳೆಯದಕ್ಕಿಂತ ಎಷ್ಟು ಬೇರೆ ಅಂತ ನೋಡಿ. ಹಿಮ್ಮಡಿ ತಗ್ಗಾಗಿರುವ ಶೂ ಅಕಿಲಿಸ್ ಮೇಲೆ ಹೊರೆ ಹಾಕುತ್ತದೆ. ತೆಳು ಅಡಿಯ ಬರಿಗಾಲು ಶೂಗೆ ಬದಲಾದ ಓಟಗಾರರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತೇ ವಾರದಲ್ಲಿ ಹಲವರ ಪಾದದ ಮೂಳೆಯೊಳಗೆ ಊತ ಎಂಆರ್‌ಐಯಲ್ಲಿ ಕಂಡಿತ್ತು. ಕಾರ್ಬನ್ ಪ್ಲೇಟ್ ಶೂ (ಅಡಿಯೊಳಗೆ ಗಟ್ಟಿ ಕಾರ್ಬನ್ ಹಾಳೆ ಇರುವಂಥದ್ದು) ಹಾಕಿ ಓಡಿದವರಲ್ಲಿ ನೇವಿಕ್ಯುಲರ್ ಮೂಳೆಗೆ ಪೆಟ್ಟಾದ ಪ್ರಕರಣಗಳನ್ನು 2023ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಯಾವ ಹೊಸ ಶೂ ಆದರೂ ಮೊದಲು ಚಿಕ್ಕ ಓಟಗಳಿಗೆ ಹಾಕಿ, ಹಳೆಯದನ್ನು ಕೂಡಲೇ ಎಸೆಯಬೇಡಿ.

ಮತ್ತೆ ಓಡಲು ಶುರು ಮಾಡುವಾಗ

ರಜ್ಜು, ಪಟ್ಟಿಯ ನೋವಾದರೆ ಪೂರ್ತಿ ನಿಲ್ಲಿಸಬೇಕಿಲ್ಲ. ಹತ್ತಕ್ಕೆ ಮೂರರಷ್ಟು ನೋವಿದ್ದರೂ ಓಡಬಹುದು, ಮರುದಿನ ಬೆಳಿಗ್ಗೆ ಅದು ಹಿಂದಿನ ದಿನಕ್ಕಿಂತ ಜಾಸ್ತಿ ಇರಬಾರದು. ಜಾಸ್ತಿ ಇದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು, ಮುಂದಿನ ಸಲ ಇಳಿಸಿ. ಮೂಳೆಯ ನೋವಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಸೊನ್ನೆ ಅಂದರೆ ಸೊನ್ನೆ.

ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿದ ಮೇಲೂ ಮೊದಲು ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ದಿನ ಬಿಟ್ಟು ದಿನ ಮಾಡಿ. ಎರಡು ಸಲ ಯಾವ ತೊಂದರೆಯೂ ಬರದಿದ್ದರೆ ಓಟದ ನಿಮಿಷ ಹೆಚ್ಚಿಸಿ, ವೇಗ ಹೆಚ್ಚಿಸಬೇಡಿ. ಪ್ರತಿ ಸಲ ಓಡಿ ಬಂದ ಮೇಲೆ ಪೆನ್ಸಿಲಿನಿಂದ ಅದೇ ಜಾಗ ಒತ್ತಿ ನೋಡಿ, ಇನ್ನೊಂದು ಪಾದದ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಎರಡು ದಿನ ಬಿಟ್ಟು, ಹಿಂದಿನ ಹಂತದಿಂದ ಮತ್ತೆ ಶುರು ಮಾಡಿ. ಹಾಗೆ ಎರಡನೇ ಸಲವೂ ಆದರೆ ಡಾಕ್ಟರಿಗೆ ಫೋನ್ ಮಾಡಿ.